ಹೊಸ ಕನ್ಸೋಲ್‌ ಬಂತಾ? ಗೇಮ್‌ಗಿಂತ ಮುಂಚೆ ಸೇವ್ ಸಾಗಿಸಿ

ಕಲಬುರಗಿಯಲ್ಲಿ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಇಟ್ಟುಕೊಂಡಿದ್ದವರು ಈಗ ಒಬ್ಬೊಬ್ಬರಾಗಿ ಪಿಎಸ್5 ಕಡೆ ಹೊರಳುತ್ತಿದ್ದಾರೆ. ಕೆಲವರು ಹೈದರಾಬಾದ್‌ಗೆ ಹೋಗಿ ತರುತ್ತಾರೆ, ಕೆಲವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಬೆಂಗಳೂರಲ್ಲಿ ಕೆಲಸಕ್ಕಿರುವ ಅಣ್ಣ ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬರುವುದೂ ಉಂಟು. ಪೆಟ್ಟಿಗೆ ಬಿಚ್ಚಿದ ದಿನ ಎಲ್ಲರೂ ಮಾಡುವುದು ಇಷ್ಟೇ: ಹೊಸದನ್ನು ಟಿವಿಗೆ ಹಚ್ಚುವುದು, ಗೇಮ್ ಡೌನ್‌ಲೋಡ್‌ಗೆ ಹಾಕುವುದು, ಹಳೆಯದನ್ನು ಯಾರು ತಗೋತಾರೆ ಅಂತ ಫೋನ್ ತಿರುಗಿಸುವುದು. ಟಿವಿಗೆ ಹಚ್ಚಿದ್ದು ಸರಿ. ಉಳಿದೆರಡಕ್ಕೆ ಅವಸರ ಬೇಡ.

ಯಾಕೆ ಅಂದ್ರೆ, ಗೇಮ್ ಅನ್ನೋದು ಎಲ್ಲೂ ಹೋಗುವುದಿಲ್ಲ. ಡಿಸ್ಕ್ ಕೈಯಲ್ಲಿದೆ, ಇಲ್ಲವೇ ಅಕೌಂಟ್‌ನಲ್ಲಿ ಖರೀದಿ ದಾಖಲಾಗಿದೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಸೇವ್ ಹಾಗಲ್ಲ. ನೀವು ಎರಡು ವರ್ಷ ಆಡಿ ಬೆಳೆಸಿದ ಆಟಗಾರ, ಮುಗಿಸಿದ ಮಿಷನ್‌ಗಳು, ಕೂಡಿಟ್ಟ ದುಡ್ಡು, ಇದೆಲ್ಲ ಕೆಲವೇ ಎಂಬಿಯ ಒಂದು ಫೈಲ್. ಹೆಚ್ಚಿನವರ ಹತ್ತಿರ ಅದಕ್ಕೆ ಇರುವುದು ಒಂದೇ ಪ್ರತಿ, ಅದೂ ಹಳೆಯ ಕನ್ಸೋಲಿನ ಹೊಟ್ಟೆಯೊಳಗೆ. ಅದನ್ನು ಫಾರ್ಮ್ಯಾಟ್ ಮಾಡಿ ಮಾರಿದ ಮೇಲೆ ಯಾವ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೂ ವಾಪಸ್ ಬರುವುದಿಲ್ಲ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಅಕೌಂಟ್, ಆಮೇಲೆ ಸೇವ್, ಆಮೇಲೆ ಗೇಮ್. ಎಲ್ಲಾ ತೆರೆದು ನೋಡಿದ ಮೇಲೆ ಮಾತ್ರ ಹಳೆಯದನ್ನು ಕೈಬಿಡುವ ಮಾತು.

ಪಿಎಸ್4ನಿಂದ ಪಿಎಸ್5ಗೆ ಹೋಗುವವರೇ ಜಾಸ್ತಿ ಇರುವುದರಿಂದ ಅದನ್ನು ಬಿಡಿಸಿ ಬರೆಯುತ್ತೇನೆ. ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಇರುವವರಿಗೆ ಕೆಳಗೆ ಬೇರೆ ಇದೆ.

ಅಕೌಂಟ್ ಯಾರದು?

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ಆಮೇಲೆ ಇಲ್ಲೇ ಸಿಕ್ಕಿಬೀಳುತ್ತಾರೆ. ಹಳೆಯ ಕನ್ಸೋಲಿನಲ್ಲಿ ನೀವು ಆಡುತ್ತಿರುವ ಯೂಸರ್ ಯಾವ ಇಮೇಲ್‌ಗೆ ಸೇರಿದೆ ಗೊತ್ತಾ? ಕೆಲವರಿಗೆ ಅಂಗಡಿಯವರೇ ತಮ್ಮದೊಂದು ಇಮೇಲ್ ಹಾಕಿ ಶುರುಮಾಡಿ ಕೊಟ್ಟಿರುತ್ತಾರೆ. ಕೆಲವರು ಕಾಲೇಜಿನಲ್ಲಿದ್ದಾಗ ಮಾಡಿದ ಇಮೇಲ್ ಕೊಟ್ಟು ಪಾಸ್‌ವರ್ಡ್ ಮರೆತಿರುತ್ತಾರೆ. ಇನ್ನು ಕೆಲವರ ಓಟಿಪಿ ಬರುವ ಸಿಮ್ ಯಾವಾಗಲೋ ಬಂದ್ ಆಗಿರುತ್ತದೆ. ಹಳೆಯದರಲ್ಲಿ ಸದಾ ಲಾಗಿನ್ ಆಗಿಯೇ ಇರುವುದರಿಂದ ಇದ್ಯಾವುದೂ ಗಮನಕ್ಕೆ ಬರುವುದಿಲ್ಲ. ಹೊಸದರಲ್ಲಿ ಪಾಸ್‌ವರ್ಡ್ ಕೇಳಿದಾಗಲೇ ಬಾಯಿ ಒಣಗುವುದು.

ಆದ್ದರಿಂದ ಹೊಸ ಪೆಟ್ಟಿಗೆ ಬರುವ ಮುಂಚೆಯೇ ಫೋನಿನ ಬ್ರೌಸರ್‌ನಲ್ಲಿ ಆ ಅಕೌಂಟ್‌ಗೆ ಒಮ್ಮೆ ಲಾಗಿನ್ ಆಗಿ ನೋಡಿ. ಆಗದಿದ್ದರೆ ಪಾಸ್‌ವರ್ಡ್ ಬದಲಿಸಿ. ಇಮೇಲ್, ಮೊಬೈಲ್ ನಂಬರ್ ಎರಡೂ ನಿಮ್ಮವೇ ಇರಲಿ. ಎರಡು ಹಂತದ ಲಾಗಿನ್ ಹಾಕಿದ್ದರೆ ಅದರ ಬ್ಯಾಕಪ್ ಕೋಡ್‌ಗಳನ್ನು ಒಂದು ಕಡೆ ಬರೆದಿಡಿ. ಯಾವ ಅಕೌಂಟೂ ಇಲ್ಲದೆ ಸುಮ್ನೆ ಲೋಕಲ್ ಯೂಸರ್ ಮಾಡಿಕೊಂಡು ಡಿಸ್ಕ್ ಹಾಕಿ ಆಡುತ್ತಿದ್ದರೆ, ಆ ಯೂಸರನ್ನು ಹಳೆಯ ಮಷೀನಿನಲ್ಲೇ ಒಂದು ಅಕೌಂಟ್‌ಗೆ ಜೋಡಿಸಿ. ಅದಾದ ಮೇಲೆಯೇ ಮುಂದಿನ ಕೆಲಸ.

ಸೇವ್ ಫೈಲ್ ನಿಮ್ಮ ಅಕೌಂಟ್‌ಗೆ ಕಟ್ಟಿಹಾಕಿದಂತೆ ಇರುತ್ತದೆ. ಗೆಳೆಯನ ಸೇವನ್ನು ಪೆನ್‌ಡ್ರೈವ್‌ನಲ್ಲಿ ತಂದು ನಿಮ್ಮ ಅಕೌಂಟ್‌ನಲ್ಲಿ ತೆರೆಯಲು ಆಗುವುದಿಲ್ಲ. ಹಾಗೆಯೇ ಹೊಸ ಕನ್ಸೋಲಿನಲ್ಲಿ "ಹೊಸದು ಅಲ್ವಾ, ಹೊಸ ಐಡಿಯೇ ಇರಲಿ" ಅಂತ ಬೇರೆ ಅಕೌಂಟ್ ಮಾಡಿದರೆ ನಿಮ್ಮದೇ ಹಳೆಯ ಸೇವ್ ನಿಮಗೇ ಪರಕೀಯ. ಹಳೆಯ ಐಡಿಯ ಹೆಸರು ನಾಚಿಕೆ ತರಿಸುವಂತಿದ್ದರೆ (ಎಂಟನೇ ಕ್ಲಾಸಿನಲ್ಲಿ ಇಟ್ಟ ಹೆಸರು ಹಾಗೇ ಇರುತ್ತದೆ ಬಿಡಿ) ಅದನ್ನು ಬದಲಿಸಲು ದಾರಿ ಇದೆ, ಅಕೌಂಟನ್ನೇ ಬಿಡಬೇಕಿಲ್ಲ.

ಕಡಿಮೆ ರೊಕ್ಕಕ್ಕೆ "ಪ್ರೈಮರಿ ಐಡಿ", "ಸೆಕೆಂಡರಿ ಐಡಿ" ಅಂತ ಗೇಮ್ ತಗೊಂಡವರೂ ನಮ್ಮಲ್ಲಿ ಬಹಳ ಮಂದಿ. ಅಂದರೆ ಬೇರೆಯವರ ಅಕೌಂಟ್‌ನಲ್ಲಿ ಖರೀದಿಸಿದ ಗೇಮ್ ನಿಮ್ಮ ಮಷೀನಿನಲ್ಲಿ ಓಡುತ್ತಿದೆ ಅಷ್ಟೇ. ಆ ಗೇಮನ್ನು ನಿಮ್ಮ ಸ್ವಂತ ಯೂಸರ್‌ನಿಂದ ಆಡಿದ್ದರೆ ಸೇವ್ ನಿಮ್ಮದು, ಅದು ಹೊಸದಕ್ಕೆ ಬರುತ್ತದೆ. ಆದರೆ ಗೇಮ್ ತೆರೆಯುವುದಿಲ್ಲ, ಅದರ ಲೈಸೆನ್ಸ್ ಬೇರೆಯವರ ಹತ್ತಿರ ಇದೆ. ಅವರ ಯೂಸರ್‌ನಿಂದಲೇ ಆಡಿದ್ದರೆ ಸೇವೂ ಅವರದೇ. ಇಂಥ ಗೇಮ್ ಎಷ್ಟಿವೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಜೈಲ್‌ಬ್ರೇಕ್ ಮಾಡಿದ, ಅಂದರೆ ಕಂಪನಿ ಹಾಕಿದ ಬೀಗ ಮುರಿದ ಪಿಎಸ್4 ಇದ್ದವರಿಗೆ ಈ ಲೇಖನದಿಂದ ಹೆಚ್ಚು ಉಪಯೋಗ ಇಲ್ಲ. ಕೆಳಗೆ ಹೇಳುವ ದಾರಿಗಳಿಗೆಲ್ಲ ಅಪ್‌ಡೇಟ್ ಆದ, ಅಕೌಂಟ್‌ಗೆ ಲಾಗಿನ್ ಆದ ಮಷೀನ್ ಬೇಕು.

ನಿಮ್ಮ ಆಟ ಎಲ್ಲಿ ಉಳಿದಿದೆ?

ಎಲ್ಲ ಗೇಮ್‌ಗಳೂ ಒಂದೇ ಕಡೆ ಸೇವ್ ಆಗುವುದಿಲ್ಲ. ಫೋರ್ಟ್‌ನೈಟ್, ಜಿಟಿಎ ಆನ್‌ಲೈನ್, ಫುಟ್‌ಬಾಲ್ ಗೇಮಿನ ಅಲ್ಟಿಮೇಟ್ ಟೀಮ್, ಇಂಥವು ಕಂಪನಿಯ ಸರ್ವರ್‌ನಲ್ಲಿ ಇರುತ್ತವೆ. ಕಥೆ ಇರುವ ಗೇಮ್‌ಗಳು, ಕ್ರಿಕೆಟ್ ಮತ್ತು ಫುಟ್‌ಬಾಲ್ ಗೇಮಿನ ಕರಿಯರ್ ಮೋಡ್, ಇವು ಕನ್ಸೋಲಿನ ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತವೆ. ಚಿಂತೆ ಮಾಡಬೇಕಾದದ್ದು ಇವುಗಳ ಬಗ್ಗೆ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಪಿಎಸ್4ಗೆ ಹೊರಗಿನಿಂದ ಹಾರ್ಡ್ ಡಿಸ್ಕ್ ಹಚ್ಚಿಕೊಂಡು ಗೇಮ್‌ಗಳನ್ನು ಅದರಲ್ಲಿ ಹಾಕಿದ್ದರೂ, ಸೇವ್‌ಗಳು ಆ ಡಿಸ್ಕ್‌ನಲ್ಲಿ ಇರುವುದಿಲ್ಲ. ಗೇಮ್ ಹೊರಗೆ, ಸೇವ್ ಒಳಗೆ. "ಡಿಸ್ಕ್ ನನ್ನ ಹತ್ತಿರಾನೇ ಇದೆಯಲ್ಲ" ಅಂತ ಧೈರ್ಯವಾಗಿ ಪಿಎಸ್4 ಮಾರಿಬಿಟ್ಟರೆ ಗೇಮ್ ಮಾತ್ರ ಉಳಿಯುತ್ತದೆ, ಆಡಿದ್ದೆಲ್ಲ ಹೋಗಿರುತ್ತದೆ.

ಶುರುಮಾಡುವ ಮುಂಚೆ ಕರೆಂಟ್, ಬಿಸಿಲು, ನೆಟ್

ಬೇರೆ ಊರಿನವರು ಬರೆದ ಗೈಡ್‌ಗಳಲ್ಲಿ ಇದು ಇರುವುದಿಲ್ಲ, ನಮಗೆ ಬೇಕೇ ಬೇಕು. ಸಾಗಿಸುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಡೇಟಾ ಕೆಡಬಹುದು. ಎರಡೂ ಕನ್ಸೋಲ್ ಮತ್ತು ವೈಫೈ ರೌಟರ್ ಇನ್ವರ್ಟರ್ ಲೈನಿನಲ್ಲಿ ಇರಲಿ. ಕನ್ಸೋಲ್ ಎರಡನ್ನೂ ಇನ್ವರ್ಟರ್‌ಗೆ ಹಾಕಿ ರೌಟರನ್ನು ಮರೆಯುವವರೇ ಹೆಚ್ಚು, ಹಾಲ್‌ನ ಮೂಲೆಯಲ್ಲಿ ಬೇರೆ ಪ್ಲಗ್‌ಗೆ ಹಚ್ಚಿರುತ್ತಾರೆ. ಇನ್ನೊಂದು, ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಎರಡು ಮೋಡ್ ಬದಲಿಸುವ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಇನ್ನೊಂದು ಮೋಡ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಹೊರಳುವ ಆ ಒಂದು ಕ್ಷಣದಲ್ಲಿ ಫ್ಯಾನ್ ನಿಲ್ಲುವುದಿಲ್ಲ, ಕನ್ಸೋಲ್ ಮಾತ್ರ ಆರಿ ಹೋಗುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ, ರಾತ್ರಿ ಊಟ ಆದ ಮೇಲೆ ಹಚ್ಚಿ. ಎರಡೂ ಮಷೀನನ್ನು ಗಾಜಿನ ಬಾಗಿಲಿನ ಷೋಕೇಸಿನಿಂದ ಹೊರಗೆ ತೆಗೆದು, ಒರೆಸಿದ ಶಹಾಬಾದಿ ಫರ್ಶಿ ಮೇಲೆ ಒಂದು ಗೇಣು ದೂರ ದೂರ ಇಡಿ. ಹಿಂದಿನಿಂದ ಬಿಸಿಗಾಳಿ ಹೊರಗೆ ಹೋಗಲು ಜಾಗ ಬೇಕು. ಹಳೆಯ ಪಿಎಸ್4 ಹಿಂಬದಿಯ ಜಾಲರಿಯಲ್ಲಿ ನಮ್ಮ ಎರೆಮಣ್ಣಿನ ದೂಳು ಬೂದಿಯ ಹಾಗೆ ಕೂತಿರುತ್ತದೆ, ಒಣಗಿದ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ತೆಗೆದರೆ ಅದಕ್ಕೂ ಕೊನೆಗಾಲದಲ್ಲಿ ಉಸಿರಾಟ ಸರಾಗ.

ಇನ್ನು ನೆಟ್. 40 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್‌ನಲ್ಲಿ 100 ಜಿಬಿಯ ಒಂದು ಗೇಮ್ ಇಳಿಯಲು ಐದೂವರೆ ಗಂಟೆ ಬೇಕು, ಅದೂ ವೇಗ ಎಲ್ಲೂ ಕುಸಿಯದಿದ್ದರೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ಅದೇ ಗೇಮ್‌ಗೆ 50 ದಿನ. ಹಾಗಾಗಿ ಹಳ್ಳಿ ಕಡೆ ಇರುವವರು, ಮೊಬೈಲ್ ನೆಟ್ ಮೇಲೆಯೇ ನಡೆಸುವವರು ಗೇಮ್‌ಗಳನ್ನು ಮತ್ತೆ ಡೌನ್‌ಲೋಡ್ ಮಾಡುವ ಯೋಚನೆ ಬಿಟ್ಟು, ಕೇಬಲ್ ಅಥವಾ ಹಾರ್ಡ್ ಡಿಸ್ಕ್ ದಾರಿ ಹಿಡಿಯಿರಿ. ಸೇವ್‌ಗಳು ಸಣ್ಣವು, ಅವಕ್ಕೆ ಹಾಟ್‌ಸ್ಪಾಟ್ ಸಾಕು.

ಹಳೆಯ ಪಿಎಸ್4ನಲ್ಲಿ ಮಾಡುವ ಕೆಲಸ

ಮೊದಲು ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಹಳೆಯ ವರ್ಷನ್ ಇದ್ದರೆ ಪಿಎಸ್5ಗೆ ಅದು ಸಿಗುವುದೇ ಇಲ್ಲ. ಆಮೇಲೆ ನೀವು ಆಡುವ ಗೇಮ್‌ಗಳನ್ನೂ ಅಪ್‌ಡೇಟ್ ಮಾಡಿ. ಸೇವನ್ನು ಹೊಸ ವರ್ಷನ್ನಿಗೆ ಕಳಿಸುವ ಸೌಲಭ್ಯ ಕೆಲವು ಗೇಮ್‌ಗಳಲ್ಲಿ ಅಪ್‌ಡೇಟ್ ಮೂಲಕವೇ ಬಂದಿದ್ದು. ಟ್ರೋಫಿ ಮೆನುಗೆ ಹೋಗಿ, ಆಪ್ಷನ್ಸ್ ಬಟನ್ ಒತ್ತಿ, ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಜೊತೆ ಸಿಂಕ್ ಮಾಡಿ. ನೆಟ್ ಇಲ್ಲದೆ ಆಡಿದಾಗ ಗೆದ್ದ ಟ್ರೋಫಿಗಳು ಆಗ ಮೇಲೆ ಹೋಗುತ್ತವೆ.

ಈಗ ಪೆನ್‌ಡ್ರೈವ್. ಹೊಸದಕ್ಕೆ ಸೇವ್ ನೇರವಾಗಿ ಸಾಗಿಸಲು ಬರುತ್ತದೆ, ಆದರೂ ಇದನ್ನು ಬಿಡಬೇಡಿ. ಇದು ನಿಮ್ಮ ಎರಡನೇ ಪ್ರತಿ. ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಫಾರ್ಮ್ಯಾಟ್ ಆಗಿರುವ ಯಾವುದೇ 16 ಅಥವಾ 32 ಜಿಬಿ ಪೆನ್‌ಡ್ರೈವ್ ಹೆಚ್ಚಿನವರಿಗೆ ಸಾಕು. ಸೆಟ್ಟಿಂಗ್ಸ್‌ನಲ್ಲಿ "ಅಪ್ಲಿಕೇಷನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್" ತೆರೆಯಿರಿ. ಒಳಗೆ "ಸೇವ್ಡ್ ಡೇಟಾ ಇನ್ ಸಿಸ್ಟಮ್ ಸ್ಟೋರೇಜ್" ಇದೆ. ಅದರಲ್ಲಿ "ಕಾಪಿ ಟು ಯುಎಸ್‌ಬಿ ಸ್ಟೋರೇಜ್ ಡಿವೈಸ್" ಒತ್ತಿದರೆ ಗೇಮ್‌ಗಳ ಪಟ್ಟಿ ಬರುತ್ತದೆ, ಎಲ್ಲದಕ್ಕೂ ಟಿಕ್ ಹಾಕಿ ಕಾಪಿ ಮಾಡಿ. ಮನೆಯಲ್ಲಿ ತಮ್ಮ, ತಂಗಿ ಬೇರೆ ಬೇರೆ ಯೂಸರ್ ಮಾಡಿಕೊಂಡಿದ್ದರೆ ಪ್ರತಿ ಯೂಸರ್‌ಗೂ ಬೇರೆಯಾಗಿ ಲಾಗಿನ್ ಆಗಿ ಇದನ್ನೇ ಮಾಡಬೇಕು. ನಿಮ್ಮದು ಮಾಡಿ ಸುಮ್ಮನಾದರೆ ಆಮೇಲೆ ತಂಗಿಯ ಹತ್ತಿರ ಬೈಸಿಕೊಳ್ಳುತ್ತೀರಿ.

ಸ್ಕ್ರೀನ್‌ಶಾಟ್, ವಿಡಿಯೊ ಕ್ಲಿಪ್ ಬೇಕಿದ್ದವರು ಅವನ್ನೂ ಈಗಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ ಒಳಗೆ ಕ್ಯಾಪ್ಚರ್ ಗ್ಯಾಲರಿ ಇದೆ.

ಪಿಎಸ್ ಪ್ಲಸ್ (ಸೋನಿಯ ರೊಕ್ಕ ಕಟ್ಟುವ ಆನ್‌ಲೈನ್ ಸೇವೆ) ಚಂದಾ ಇದ್ದರೆ ಕ್ಲೌಡ್‌ಗೂ, ಅಂದರೆ ಕಂಪನಿಯ ಸರ್ವರ್‌ಗೂ ಏರಿಸಿ, ಪಿಎಸ್4 ಸೇವ್‌ಗಳಿಗೆ 100 ಜಿಬಿ ಜಾಗ ಸಿಗುತ್ತದೆ. ಆದರೆ ಬರೀ ಈ ಕೆಲಸಕ್ಕೆ ಅಂತ ಚಂದಾ ಕಟ್ಟಬೇಡಿ. ಪೆನ್‌ಡ್ರೈವ್ ಇರುವಾಗ ಅದು ದಂಡ.

ಎರಡನ್ನೂ ಜೋಡಿಸಿ ಸಾಗಿಸುವುದು

ಎರಡೂ ಕನ್ಸೋಲ್ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು, ಎರಡರಲ್ಲೂ ಒಂದೇ ಅಕೌಂಟ್ ಇರಬೇಕು. ವೈಫೈ ಮೇಲೆಯೇ ಸಾಗುತ್ತದೆ, ಆದರೆ ನಿಧಾನ. ಅದರಲ್ಲೂ ಮೊದಮೊದಲು ಬಂದ ದಪ್ಪ ಪಿಎಸ್4ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ಅದನ್ನೇ ನಂಬಿದರೆ ಬೆಳಗಾಗುತ್ತದೆ. ಒಂದು ಲ್ಯಾನ್ ಕೇಬಲ್ ತನ್ನಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯಲ್ಲಿ "ಕ್ಯಾಟ್ 6, ಎರಡು ಮೀಟರ್" ಅಂತ ಕೇಳಿ. ಕೇಬಲ್‌ನ ಒಂದು ತುದಿ ಪಿಎಸ್4ಗೆ, ಇನ್ನೊಂದು ತುದಿ ನೇರವಾಗಿ ಪಿಎಸ್5ಗೆ. ವೈಫೈ ಎರಡರಲ್ಲೂ ಹಾಗೇ ಇರಲಿ. ಡೇಟಾ ಕೇಬಲ್ ಮೇಲೆ ಓಡುತ್ತದೆ. ಎರಡನ್ನೂ ಬೇರೆ ಬೇರೆ ಕೇಬಲ್‌ನಿಂದ ರೌಟರ್‌ಗೆ ಹಚ್ಚಿದರೂ ನಡೆಯುತ್ತದೆ.

ಇನ್ನು ಮುಂದಿನದು ಪಿಎಸ್5ನಲ್ಲಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸಿಸ್ಟಮ್ ಸಾಫ್ಟ್‌ವೇರ್, ಅಲ್ಲಿ ಡೇಟಾ ಟ್ರಾನ್ಸ್‌ಫರ್. ಹೊಸದನ್ನು ಮೊದಲ ಸಲ ಆನ್ ಮಾಡಿದಾಗಲೂ ಇದೇ ಪ್ರಶ್ನೆ ಕೇಳುತ್ತದೆ, ಆಗ ಬಿಟ್ಟಿದ್ದರೂ ಆಮೇಲೆ ಇಲ್ಲಿಂದ ಮಾಡಬಹುದು. ಪಿಎಸ್5 ಹಳೆಯದನ್ನು ಹುಡುಕುತ್ತದೆ, ಸಿಕ್ಕ ಮೇಲೆ ಪಿಎಸ್4ನ ಪವರ್ ಬಟನ್ ಒತ್ತಲು ಹೇಳುತ್ತದೆ. ಇಲ್ಲಿ ಬೆರಳಿಗೆ ಸ್ವಲ್ಪ ಲೆಕ್ಕ ಬೇಕು: ಒಂದು ಸೆಕೆಂಡ್ ಒತ್ತಿ ಹಿಡಿಯಿರಿ, ಬೀಪ್ ಅಂದ ಕೂಡಲೇ ಬಿಡಿ. ಭಯಕ್ಕೆ ಹಾಗೇ ಒತ್ತಿ ಹಿಡಿದುಕೊಂಡರೆ ಮಷೀನ್ ಆಫ್ ಆಗಿ ಮತ್ತೆ ಮೊದಲಿನಿಂದ ಶುರು.

ಆಮೇಲೆ ಎರಡು ಪಟ್ಟಿ ಬರುತ್ತವೆ, ಮೊದಲು ಸೇವ್ ಡೇಟಾ, ನಂತರ ಗೇಮ್‌ಗಳು. ನನ್ನ ಸಲಹೆ, ಮೊದಲ ಸಲ ಸೇವ್‌ಗೆಲ್ಲ ಟಿಕ್ ಹಾಕಿ, ಗೇಮ್ ಒಂದೋ ಎರಡೋ ಆರಿಸಿ. ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ, ಅಮೂಲ್ಯವಾದದ್ದು ದಾಟಿರುತ್ತದೆ. ಉಳಿದ ಗೇಮ್‌ಗಳನ್ನು ಎರಡನೇ ಸುತ್ತಿನಲ್ಲಿ ರಾತ್ರಿಯಿಡೀ ಬಿಡಿ. ಎಲ್ಲಾ ಒಟ್ಟಿಗೆ ಹಾಕಿ ನಡುವೆ ಏನಾದರೂ ಆದರೆ ಯಾವುದು ಬಂತು ಯಾವುದು ಬಿಟ್ಟಿತು ಅಂತ ಹುಡುಕುತ್ತಾ ಕೂರಬೇಕು. ಜಾಗದ ಲೆಕ್ಕವೂ ಇದೆ: ಮೊದಲ ಪಿಎಸ್5ನ 825 ಜಿಬಿಯಲ್ಲಿ ನಿಮಗೆ ಸಿಗುವುದು 667 ಜಿಬಿ ಮಾತ್ರ. ನಾಲ್ಕು ವರ್ಷದಿಂದ ತೆರೆಯದ ಗೇಮ್‌ಗಳನ್ನು ಯಾಕೆ ಹೊತ್ತುಕೊಂಡು ಹೋಗುತ್ತೀರಿ?

ಇದು ನಡೆಯುವಾಗ ಪಿಎಸ್4 ಬಳಸಲು ಬರುವುದಿಲ್ಲ, ಪಿಎಸ್5 ಒಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ, ಗಾಬರಿ ಬೇಡ. ಸಮಾಧಾನದ ಸಂಗತಿ ಅಂದ್ರೆ ಇಲ್ಲಿ ಆಗುವುದು ನಕಲು. ಹಳೆಯದರಲ್ಲಿ ಇದ್ದದ್ದು ಹಾಗೇ ಉಳಿಯುತ್ತದೆ.

ಒಂದು ಎಚ್ಚರಿಕೆ: ಸೇವ್ ತರುವ ಮುಂಚೆ ಹೊಸದರಲ್ಲಿ ಅದೇ ಗೇಮನ್ನು "ಒಂದು ಸಲ ಗ್ರಾಫಿಕ್ಸ್ ನೋಡೋಣ" ಅಂತ ಶುರುಮಾಡಬೇಡಿ. ಅಲ್ಲೊಂದು ಹೊಸ ಸೇವ್ ಹುಟ್ಟಿಕೊಳ್ಳುತ್ತದೆ. ಆಮೇಲೆ ಯಾವುದನ್ನು ಇಡಲಿ ಅಂತ ಮಷೀನ್ ಕೇಳಿದಾಗ ನಿದ್ದೆಗಣ್ಣಿನಲ್ಲಿ ತಪ್ಪು ಬಟನ್ ಒತ್ತುವ ಸಾಧ್ಯತೆ ಇದೆ.

ಕೇಬಲ್ ಇಲ್ಲ, ನೆಟ್ ಇಲ್ಲ ಅಂದ್ರೆ

ಹೊರಗಿನ ಹಾರ್ಡ್ ಡಿಸ್ಕ್ ಇದ್ದವರಿಗೆ ಗೇಮ್ ಸಾಗಿಸುವುದು ಎಲ್ಲಕ್ಕಿಂತ ಸುಲಭ. ಪಿಎಸ್4ನಲ್ಲಿ ಗೇಮ್‌ಗಳನ್ನು ಆ ಡಿಸ್ಕ್‌ಗೆ ಹಾಕಿ, ಕ್ವಿಕ್ ಮೆನುನಲ್ಲಿ ಅದನ್ನು ನಿಲ್ಲಿಸಿ, ಆಮೇಲೆ ತಂತಿ ಕಿತ್ತು ಪಿಎಸ್5ಗೆ ಹಚ್ಚಿ. ಪಿಎಸ್4 ಗೇಮ್‌ಗಳು ಆ ಡಿಸ್ಕ್‌ನಿಂದಲೇ ಓಡುತ್ತವೆ, ಕಾಪಿ ಮಾಡುವ ಅಗತ್ಯವೂ ಇಲ್ಲ. ಪಿಎಸ್5 ಗೇಮ್‌ಗಳಿಗೆ ಮಾತ್ರ ಇದು ಗೋದಾಮು, ಅಲ್ಲಿ ಇಡಬಹುದು, ಆಡಬೇಕೆಂದರೆ ಒಳಗೆ ತರಬೇಕು. ಯುಎಸ್‌ಬಿ ಹಬ್‌ಗೆ ಹಚ್ಚಬೇಡಿ, ನೇರವಾಗಿ ಹಿಂದಿನ ಪೋರ್ಟ್‌ಗೆ ಹಾಕಿ. ಡಿಸ್ಕ್ ಕನಿಷ್ಠ 250 ಜಿಬಿ ಇರಬೇಕು. ಹೊಸ ಡಿಸ್ಕ್ ಮೊದಲ ಸಲ ಹಚ್ಚಿದಾಗ ಅದನ್ನು ಪೂರ್ತಿ ಫಾರ್ಮ್ಯಾಟ್ ಮಾಡುತ್ತದೆ, ಮದುವೆ ಫೋಟೊ ಇರುವ ಡಿಸ್ಕ್ ತಂದು ಹಚ್ಚಬೇಡಿ ಮತ್ತೆ.

ಸೇವ್‌ಗೆ ಮೇಲೆ ಹೇಳಿದ ಪೆನ್‌ಡ್ರೈವ್. ಅದನ್ನು ಪಿಎಸ್5ಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ "ಸೇವ್ಡ್ ಡೇಟಾ ಆ್ಯಂಡ್ ಗೇಮ್ ಆ್ಯಪ್ ಸೆಟ್ಟಿಂಗ್ಸ್" ತೆರೆದರೆ ಪಿಎಸ್4 ಸೇವ್ ಅಂತ ಬೇರೆ ಸಾಲೇ ಇದೆ, ಅದರಲ್ಲಿ ಯುಎಸ್‌ಬಿ ಡ್ರೈವ್ ಆರಿಸಿ ಒಳಗೆ ಕಾಪಿ ಮಾಡಿ. ಗಮನಿಸಿ, ಈ ಪೆನ್‌ಡ್ರೈವ್ ದಾರಿ ಪಿಎಸ್4 ಸೇವ್‌ಗೆ ಮಾತ್ರ. ಪಿಎಸ್5 ಗೇಮಿನ ಸೇವನ್ನು ಹೀಗೆ ಒಂದೊಂದಾಗಿ ಪೆನ್‌ಡ್ರೈವ್‌ಗೆ ತೆಗೆಯಲು ಬಿಡುವುದಿಲ್ಲ. ಹಳೆಯ ಪಿಎಸ್5ನಿಂದ ಹೊಸ ಪಿಎಸ್5 ಸ್ಲಿಮ್ ಅಥವಾ ಪ್ರೊಗೆ ಹೋಗುವವರು ಡೇಟಾ ಟ್ರಾನ್ಸ್‌ಫರ್ ಮಾಡಬೇಕು, ಇಲ್ಲವೇ ಚಂದಾ ಇದ್ದರೆ ಕ್ಲೌಡ್, ಅದೂ ಇಲ್ಲದಿದ್ದರೆ ಇಡೀ ಕನ್ಸೋಲಿನ ಬ್ಯಾಕಪ್ಪನ್ನು ಯುಎಸ್‌ಬಿ ಡಿಸ್ಕ್‌ಗೆ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡಬೇಕು.

"ಎಲ್ಲಾ ಬಂದದ, ಕರಿಯರ್ ಒಂದೇ ಬಂದಿಲ್ಲ"

ನಮ್ಮ ಓಣಿಯ ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಕಾಕಾ, ಎಲ್ಲಾ ಬಂದದ, ನನ್ನ ಕರಿಯರ್ ಒಂದೇ ಬಂದಿಲ್ಲ ನೋಡ್ರಿ. ಹೊಸದಾಗಿ ಟೀಮ್ ಆರಿಸು ಅಂತದ." ದನಿಯಲ್ಲೇ ಗೊತ್ತಾಗುತ್ತಿತ್ತು, ಇನ್ನೇನು ಅಳುತ್ತಾನೆ. "ಅಳಬ್ಯಾಡ ತಮ್ಮ, ಯಾವ ವರ್ಷನ್ ತೆಗದಿ ಮೊದಲು ಅದು ನೋಡು" ಅಂದೆ. ನೋಡಿದರೆ ಅವನು ತೆರೆದಿದ್ದು ಪಿಎಸ್5 ವರ್ಷನ್. ಸೇವ್ ಇದ್ದಿದ್ದು ಪಿಎಸ್4 ವರ್ಷನ್ನಿಂದು.

ಬಹಳ ಜನ ಎಡವುವುದು ಇಲ್ಲಿಯೇ. ಒಂದೇ ಗೇಮಿಗೆ ಪಿಎಸ್4 ಮತ್ತು ಪಿಎಸ್5 ಅಂತ ಎರಡು ವರ್ಷನ್ ಇದ್ದರೆ, ಕನ್ಸೋಲ್ ಲೆಕ್ಕದಲ್ಲಿ ಅವು ಎರಡು ಬೇರೆ ಗೇಮ್. ಪಿಎಸ್5ನ ಹೋಮ್‌ನಲ್ಲಿ ಗೇಮಿನ ಮೇಲೆ ಹೋದಾಗ ಪ್ಲೇ ಪಕ್ಕದಲ್ಲಿ ಮೂರು ಚುಕ್ಕಿ ಕಾಣುತ್ತವೆ, ಅಲ್ಲಿ ಯಾವ ವರ್ಷನ್ ಬೇಕು ಅಂತ ಆರಿಸಬಹುದು. ಸೇವ್ ಕಾಣಲಿಲ್ಲ ಅಂದರೆ ಮೊದಲು ಇಲ್ಲಿ ನೋಡಿ, ಆಮೇಲೆ ಗಾಬರಿಯಾಗಿ.

ಪಿಎಸ್4 ಸೇವನ್ನು ಪಿಎಸ್5 ವರ್ಷನ್ನಿಗೆ ಒಯ್ಯಲು ಬರುತ್ತದಾ ಅನ್ನುವುದು ಗೇಮ್ ಮಾಡಿದವರ ಕೈಯಲ್ಲಿದೆ. ಕೆಲವು ತಾವೇ ಹುಡುಕಿ ತೆಗೆದುಕೊಳ್ಳುತ್ತವೆ. ಕೆಲವಕ್ಕೆ ನೀವು ಹಳೆಯ ವರ್ಷನ್ ತೆರೆದು ಅದರ ಮೆನುನಿಂದ ಸೇವ್ ಮೇಲೆ ಕಳಿಸಬೇಕು. 2022ರಲ್ಲಿ ಬಂದ ಜಿಟಿಎ 5ನ ಪಿಎಸ್5 ವರ್ಷನ್ ಹೀಗೆಯೇ. ಪಿಎಸ್4 ಗೇಮ್ ಒಳಗಿನಿಂದ ಕಥೆಯ ಸೇವನ್ನು ರಾಕ್‌ಸ್ಟಾರ್ ಅಕೌಂಟ್‌ಗೆ ಅಪ್‌ಲೋಡ್ ಮಾಡಬೇಕು, ಹೊಸದರಲ್ಲಿ ಅದೇ ಅಕೌಂಟ್‌ನಿಂದ ಇಳಿಸಿಕೊಳ್ಳಬೇಕು. ಸ್ಪೈಡರ್ ಮ್ಯಾನ್ ರೀಮಾಸ್ಟರ್ಡ್‌ಗೂ ಪಿಎಸ್4 ಗೇಮ್ ಅಪ್‌ಡೇಟ್ ಮಾಡಿ ಅಲ್ಲಿಂದ ಸೇವ್ ಅಪ್‌ಲೋಡ್ ಮಾಡಬೇಕಿತ್ತು. ಈ ಕೆಲಸವನ್ನು ಪಿಎಸ್5ನಲ್ಲೇ ಪಿಎಸ್4 ವರ್ಷನ್ ಹಾಕಿಕೊಂಡು ಮಾಡಬಹುದು, ಹಳೆಯ ಮಷೀನೇ ಬೇಕು ಅಂತಿಲ್ಲ. ಆದರೆ ಸೇವ್ ಅಂತೂ ದಾಟಿರಬೇಕು.

ಇನ್ನು ಕೆಲವಕ್ಕೆ ದಾರಿಯೇ ಇಲ್ಲ. ಫಿಫಾ 21ರಲ್ಲಿ ಅಲ್ಟಿಮೇಟ್ ಟೀಮ್ ಹೊಸ ವರ್ಷನ್ನಿಗೆ ಬರುತ್ತಿತ್ತು, ಕರಿಯರ್ ಮೋಡ್ ಬರುತ್ತಿರಲಿಲ್ಲ. ಅಂಥ ಗೇಮ್ ಇದ್ದರೆ ಪಿಎಸ್5 ಮೇಲೆಯೇ ಪಿಎಸ್4 ವರ್ಷನ್ ಹಾಕಿ ಆ ಕರಿಯರ್ ಮುಂದುವರಿಸಿ. ಗ್ರಾಫಿಕ್ಸ್ ಸ್ವಲ್ಪ ಕಡಿಮೆ, ಆದರೆ ನಿಮ್ಮ ಟೀಮ್ ಉಳಿಯಿತು. ಹುಡುಗನಿಗೂ ಅದನ್ನೇ ಮಾಡಿಸಿದ್ದು, ಹತ್ತು ನಿಮಿಷದಲ್ಲಿ ಅವನ ಫೋನ್ ಬರುವುದು ನಿಂತಿತು.

ಡಿಸ್ಕ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಕ್‌ನಿಂದ ಹಾಕಿದ ಗೇಮನ್ನು ಕೇಬಲ್ ಮೂಲಕ ಸಾಗಿಸಿದರೂ ಆಡುವಾಗ ಡಿಸ್ಕ್ ಒಳಗೆ ಇರಲೇಬೇಕು. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್ ತಗೊಂಡರೆ ನಿಮ್ಮ ಡಿಸ್ಕ್‌ಗಳೆಲ್ಲ ಷೋಕೇಸಿಗೆ ಅಲಂಕಾರ. ಸ್ಲಿಮ್ ಮತ್ತು ಪ್ರೊಗೆ ಡಿಸ್ಕ್ ಡ್ರೈವ್ ಬೇರೆಯಾಗಿ ಕೊಂಡು ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ನೆಟ್ ಬೇಕು. 2020ರ ಮೊದಲ ಡಿಜಿಟಲ್ ಮಾಡೆಲ್‌ಗೆ ಆ ದಾರಿಯೂ ಇಲ್ಲ. ರೊಕ್ಕ ಉಳಿಯುತ್ತದೆ ಅಂತ ಡಿಜಿಟಲ್ ಕಡೆ ಕೈ ಚಾಚುವ ಮುಂಚೆ ನಿಮ್ಮ ಹತ್ತಿರ ಎಷ್ಟು ಡಿಸ್ಕ್ ಇವೆ ಎಣಿಸಿ. ಪಿಎಸ್3 ಡಿಸ್ಕ್ ಯಾವ ಪಿಎಸ್5ನಲ್ಲೂ ಓಡುವುದಿಲ್ಲ.

ಎಕ್ಸ್‌ಬಾಕ್ಸ್ ಇದ್ದವರಿಗೆ

ನಿಮ್ಮ ಕೆಲಸ ಹಗುರ. ಎಕ್ಸ್‌ಬಾಕ್ಸ್ ಒನ್ ಕಾಲದಿಂದಲೂ ಸೇವ್ ತಾನಾಗಿಯೇ ಕ್ಲೌಡ್‌ಗೆ ಹೋಗುತ್ತದೆ, ಅದಕ್ಕೆ ರೊಕ್ಕ ಕೊಡಬೇಕಿಲ್ಲ. ನೆಟ್ ಇಲ್ಲದೆ ತಿಂಗಳುಗಟ್ಟಲೆ ಆಡಿದ್ದರೆ ಮಾತ್ರ ಹಳೆಯದನ್ನು ನೆಟ್‌ಗೆ ಹಚ್ಚಿ, ನೀವು ಆಡುವ ಗೇಮ್ ಒಮ್ಮೆ ತೆರೆದು, ಹೊರಗೆ ಬಂದು, ಸ್ವಲ್ಪ ಹೊತ್ತು ಆನ್ ಇಟ್ಟು ಬಿಡಿ. ಹೊಸದರಲ್ಲಿ ಲಾಗಿನ್ ಆಗಿ ಗೇಮ್ ತೆರೆದರೆ ಸಿಂಕ್ ಆಗುತ್ತಿದೆ ಅಂತ ತೋರಿಸುತ್ತದೆ. ಅದು ಮುಗಿಯುವವರೆಗೆ ಕಾಯಿರಿ, ಅವಸರಕ್ಕೆ ಸಿಂಕ್ ಬೇಡ ಅಂತ ಒತ್ತಬೇಡಿ. ಗೇಮ್‌ಗಳಿಗೆ ಹೊರಗಿನ ಡಿಸ್ಕ್ ಕಿತ್ತು ಹಚ್ಚಿದರೆ ಆಯಿತು, ಇಲ್ಲವೇ ಸೆಟ್ಟಿಂಗ್ಸ್‌ನ "ಬ್ಯಾಕಪ್ ಆ್ಯಂಡ್ ಟ್ರಾನ್ಸ್‌ಫರ್" ಒಳಗೆ ನೆಟ್‌ವರ್ಕ್ ಟ್ರಾನ್ಸ್‌ಫರ್ ಇದೆ, ಹಳೆಯದರಲ್ಲಿ ಅದಕ್ಕೆ ಅನುಮತಿ ಕೊಟ್ಟರೆ ಹೊಸದರಲ್ಲಿ ಕಾಣಿಸುತ್ತದೆ. ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ ಅನ್ನುವುದು ಮರೆಯಬೇಡಿ.

ಸ್ವಿಚ್

ನಮ್ಮ ಕಡೆ ಸ್ವಿಚ್ ಇದ್ದವರು ಕಡಿಮೆ, ಇದ್ದವರು ಮೈಮರೆಯುವಂತಿಲ್ಲ. ಇದರಲ್ಲೂ ಸೇವ್ ಇರುವುದು ಮಷೀನಿನ ಒಳಗೆ, ಮೆಮೊರಿ ಕಾರ್ಡ್‌ನಲ್ಲಿ ಅಲ್ಲ. ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಒಂದು ಗೇಮಿನ ಸೇವ್ ಕಳಿಸಿದರೆ ಅದು ನಕಲಾಗುವುದಿಲ್ಲ, ಅಲ್ಲಿಂದ ಎದ್ದು ಇಲ್ಲಿಗೆ ಬರುತ್ತದೆ. ಹಾಗಾಗಿ ಎರಡೂ ಪೂರ್ತಿ ಚಾರ್ಜ್ ಇರಲಿ, ಚಾರ್ಜರ್‌ಗೆ ಹಚ್ಚಿಯೇ ಇರಲಿ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ಕ್ಕೆ ಹೋಗುವವರು ಮೊದಲ ಸಲ ಆನ್ ಮಾಡಿದಾಗ ಕೇಳುವ ಸಿಸ್ಟಮ್ ಟ್ರಾನ್ಸ್‌ಫರ್ ಬಿಡಬೇಡಿ. ಹಳೆಯ ಮೈಕ್ರೋ ಎಸ್‌ಡಿ ಕಾರ್ಡ್ ಅದರಲ್ಲಿ ಗೇಮ್ ಇಡಲು ನಡೆಯುವುದಿಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಬೇರೆ ಕಾರ್ಡೇ ಬೇಕು. ಅನಿಮಲ್ ಕ್ರಾಸಿಂಗ್ ಆಡುವವರು ದ್ವೀಪ ಸಾಗಿಸುವುದಕ್ಕೆ ಪ್ರತ್ಯೇಕ ವ್ಯವಸ್ಥೆ ಇದೆ, ಅದನ್ನು ಓದಿಕೊಂಡೇ ಕೈ ಹಾಕಿ.

ಹಳೆಯದನ್ನು ಕೊಡುವಾಗ

ಮೊದಲು ಪರೀಕ್ಷೆ. ಪಟ್ಟಿಯಲ್ಲಿ ಸೇವ್ ಕಾಣುತ್ತಿದೆ ಅಂದರೆ ಸಾಲದು. ನಿಮಗೆ ಮುಖ್ಯವಾದ ಪ್ರತಿಯೊಂದು ಗೇಮನ್ನೂ ಹೊಸದರಲ್ಲಿ ತೆರೆದು, ಸೇವ್ ಲೋಡ್ ಮಾಡಿ, ಎರಡು ನಿಮಿಷ ಆಡಿ, ಮತ್ತೆ ಸೇವ್ ಮಾಡಿ ಹೊರಗೆ ಬನ್ನಿ. ಹಳೆಯದು ಒಂದೆರಡು ವಾರ ಮನೆಯಲ್ಲೇ ಬಿದ್ದಿರಲಿ. ಗಿರಾಕಿ ಅವಸರ ಮಾಡಿದರೆ "ಮುಂದಿನ ಐತವಾರ ಬಾರಪ್ಪ" ಅನ್ನಿ. ಯಾವುದೋ ಒಂದು ಗೇಮ್ ನೆನಪಾಗುವುದು ಆ ನಡುವಿನಲ್ಲೇ.

ಹಳೆಯ ಪಿಎಸ್4 ಮನೆಯಲ್ಲೇ ತಮ್ಮನಿಗೆ ಹೋಗುತ್ತದೆ ಅಂದರೆ ಅಳಿಸಬೇಕಾಗಿಲ್ಲ. ಅದು ನಿಮ್ಮ ಪ್ರೈಮರಿ ಪಿಎಸ್4 (ಅಕೌಂಟ್‌ನಲ್ಲಿ ಮುಖ್ಯ ಅಂತ ಗುರುತಿಸಿದ ಮಷೀನ್) ಆಗಿಯೇ ಇದ್ದರೆ ನೀವು ಖರೀದಿಸಿದ ಡಿಜಿಟಲ್ ಗೇಮ್‌ಗಳನ್ನು ಅವನು ತನ್ನ ಯೂಸರ್‌ನಿಂದ ಆಡಬಹುದು. ಪಿಎಸ್5ಗೆ ಇದೇ ರೀತಿಯ ಸೌಲಭ್ಯ ಬೇರೆ ಇದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ ಅವನಿಗೆ ಸ್ವಂತ ಅಕೌಂಟ್ ಮಾಡಿಕೊಡಿ. ನಿಮ್ಮ ಯೂಸರ್‌ನಲ್ಲೇ ಆಡಲು ಬಿಟ್ಟರೆ, ಕ್ಲೌಡ್ ಸಿಂಕ್ ಇದ್ದವರಿಗೆ ಅವನ ಸೇವೂ ನಿಮ್ಮ ಸೇವೂ ಜಗಳಕ್ಕೆ ಬೀಳುತ್ತವೆ, ಆಮೇಲೆ ನೀವಿಬ್ಬರೂ.

ಹೊರಗಿನವರಿಗೆ ಮಾರುವುದಾದರೆ ಅಕೌಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಪ್ರೈಮರಿ ಪಿಎಸ್4 ಡಿಆ್ಯಕ್ಟಿವೇಟ್ ಮಾಡಿ, ಅದಾದ ಮೇಲೆ ಸೆಟ್ಟಿಂಗ್ಸ್‌ನ ಇನಿಷಿಯಲೈಸೇಷನ್‌ಗೆ ಹೋಗಿ ಪಿಎಸ್4 ಇನಿಷಿಯಲೈಸ್ ಮಾಡಿ. ಕ್ವಿಕ್, ಫುಲ್ ಅಂತ ಎರಡು ಕೇಳುತ್ತದೆ. ಗುರುತು ಪರಿಚಯ ಇಲ್ಲದವರಿಗೆ ಕೊಡುತ್ತಿದ್ದರೆ ಫುಲ್ ಆರಿಸಿ, ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಡಿಆ್ಯಕ್ಟಿವೇಟ್ ಮಾಡುವುದು ಮರೆತು ಮಾರಿಬಿಟ್ಟಿದ್ದರೆ ಬ್ರೌಸರ್‌ನಿಂದ ಅಕೌಂಟ್‌ಗೆ ಹೋಗಿ ಎಲ್ಲ ಕನ್ಸೋಲ್‌ಗಳನ್ನೂ ಒಟ್ಟಿಗೆ ತೆಗೆದುಹಾಕಬಹುದು, ಆದರೆ ಅದನ್ನು ಆರು ತಿಂಗಳಿಗೆ ಒಮ್ಮೆ ಮಾತ್ರ ಬಿಡುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೀವಾಗಿದ್ದರೆ ಇದನ್ನೆಲ್ಲ ಮಾರುವವರ ಕೈಯಲ್ಲಿ ನಿಮ್ಮ ಕಣ್ಣ ಮುಂದೆಯೇ ಮಾಡಿಸಿಕೊಳ್ಳಿ.

ಸೇವ್ ಇರುವ ಪೆನ್‌ಡ್ರೈವ್‌ಗೆ ಒಂದು ಚೀಟಿ ಅಂಟಿಸಿ ಎತ್ತಿಡಿ, ಮನೆಯಲ್ಲಿ ಯಾರಾದರೂ ಕಾರಿನ ಹಾಡಿಗೆ ಅಂತ ಫಾರ್ಮ್ಯಾಟ್ ಮಾಡಿಯಾರು. ಹಳೆಯದನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಇಜೆಕ್ಟ್ ಬಟನ್ ಒಂದು ಸಲ ಒತ್ತಿ ನೋಡಿ, ಕೊನೆಗೆ ಆಡಿದ ಡಿಸ್ಕ್ ಬಹಳ ಸಲ ಒಳಗೇ ಇರುತ್ತದೆ.